ಪದರ ಜೆಲ್ಲಿ ಶಾಟ್

ಜೆಲಟಿನ್ ಹಾಕಿ ಹೆಪ್ಪುಗಟ್ಟಿಸಿದ, ಮದ್ಯ ಬೆರೆತ, ಎರಡೋ ಮೂರೋ ಬಣ್ಣಗಳ ಪದರಗಳಿರುವ ಒಂದು ತುತ್ತಿನ ಸಿಹಿಗೆ ಪದರ ಜೆಲ್ಲಿ ಶಾಟ್ ಎನ್ನುತ್ತಾರೆ. ಇದರ ನೆಲೆ ಮುಖ್ಯವಾಗಿ ಅಮೆರಿಕ. ಅಲ್ಲಿ ಕ್ರಿಸ್ಮಸ್ ಮತ್ತು ಹೊಸ ವರ್ಷದ ಕೂಟಗಳಲ್ಲಿ ಕೆಂಪು, ಬಿಳಿ, ಹಸಿರು ಪದರಗಳಲ್ಲಿಯೂ, ಜುಲೈ 4ರ ಸ್ವಾತಂತ್ರ್ಯ ದಿನದಂದು ಕೆಂಪು, ಬಿಳಿ, ನೀಲಿಯಲ್ಲಿಯೂ ಇದನ್ನು ಮನೆಗಳಲ್ಲೇ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಒಂದೇ ಪದರದ ಸರಳ ರೂಪಕ್ಕೆ ವೋಡ್ಕಾ ಜೆಲ್ಲಿ ಎಂಬ ಹೆಸರಿದೆ. 30ರಿಂದ 60 ಮಿಲಿಲೀಟರ್ ಹಿಡಿಯುವ, ಮುಚ್ಚಳವಿರುವ ಪುಟ್ಟ ಪ್ಲಾಸ್ಟಿಕ್ ಬಟ್ಟಲು ಇದರ ಸಾಮಾನ್ಯ ಪಾತ್ರೆ. ಅಗಲವಾದ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ ಬರ್ಫಿಯಂತೆ ಚೌಕವಾಗಿ ಕತ್ತರಿಸುವುದೂ ಉಂಟು. ತಿರುಳು ತೆಗೆದ ಕಿತ್ತಳೆಯ ಅರ್ಧ ಸಿಪ್ಪೆಯಲ್ಲಿ ಹುಯ್ದು, ಗಟ್ಟಿಯಾದ ಮೇಲೆ ಹೋಳು ಮಾಡುವುದೂ ಉಂಟು. ಇದನ್ನು ಕಾಲೇಜು ಹುಡುಗರ ಕುಡಿತದ ಆಟವೆಂದು ತಳ್ಳಿಹಾಕುವುದು ರೂಢಿ. ಆದರೆ ಇದರ ಇತಿಹಾಸ, ತಯಾರಿಯ ಕ್ರಮ, ಇದರೊಳಗೆ ಹಿಡಿಸುವ ಮದ್ಯದ ಪ್ರಮಾಣ ಇವನ್ನು ಒಟ್ಟಿಗಿಟ್ಟು ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಇದು ಊಟದ ಮೇಜಿನ ಸಿಹಿತಿನಿಸಿನ ವಂಶದ್ದು. ಇದರ ಗುಣವನ್ನೂ ಮಿತಿಯನ್ನೂ ಅಪಾಯವನ್ನೂ ಗೊತ್ತುಮಾಡುವುದು ಒಳಗಿರುವ ಮದ್ಯಕ್ಕಿಂತ ಹೆಚ್ಚಾಗಿ ಅದನ್ನು ಹಿಡಿದಿಟ್ಟಿರುವ ಜೆಲಟಿನ್. ಸಿಹಿತಿನಿಸೆಂದು ತಿಳಿದು, ಅಳತೆಯಿಟ್ಟು ಮಾಡಿದಾಗಲೇ ಇದು ತಿನ್ನಲು ಚೆನ್ನ, ಬಡಿಸಲು ಕ್ಷೇಮ.

ಜೆಲಟಿನ್ ಪ್ರಾಣಿಜನ್ಯ ಪ್ರೋಟೀನು. ದನ, ಹಂದಿ ಮೊದಲಾದ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಲ್ಲಿರುವ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನನ್ನು ಆಮ್ಲದಿಂದಲೋ ಕ್ಷಾರದಿಂದಲೋ ಹದಗೊಳಿಸಿ, ಬಿಸಿನೀರಿನಲ್ಲಿ ಬಿಡಿಸಿ ತೆಗೆಯುತ್ತಾರೆ. ಕೊಲಾಜೆನ್ನಿನಲ್ಲಿ ಮೂರು ಎಳೆಗಳು ಹಗ್ಗದಂತೆ ಹೊಸೆದುಕೊಂಡಿರುತ್ತವೆ. ಶಾಖ ತಗುಲಿದಾಗ ಹೊಸೆತ ಬಿಚ್ಚಿ ಎಳೆಗಳು ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತವೆ. ತಣಿದಾಗ ಅಲ್ಲಲ್ಲಿ ಮತ್ತೆ ಹೊಸೆದುಕೊಂಡು ಬಲೆಯಾಗುತ್ತವೆ. ಆ ಬಲೆಯ ಕಣ್ಣುಗಳಲ್ಲಿ ನೀರು ಸೆರೆಯಾಗಿ ನಿಲ್ಲುತ್ತದೆ. ಸುಮಾರು ಅರ್ಧ ಲೀಟರ್ ದ್ರವವನ್ನು ಮೆತ್ತಗೆ ನಿಲ್ಲಿಸಲು 7 ಗ್ರಾಂ ಪುಡಿ ಸಾಕು. ಕೈಯಲ್ಲಿ ಎತ್ತಿ ತಿನ್ನುವಷ್ಟು ಗಟ್ಟಿಯಾಗಬೇಕಾದರೆ ಅದರ ಇಮ್ಮಡಿ ಬೇಕು. ಪುಡಿಯ ಬಲವನ್ನು ಬ್ಲೂಮ್ ಅಂಕದಲ್ಲಿ ಹೇಳುತ್ತಾರೆ. ಆಸ್ಕರ್ ಬ್ಲೂಮ್ 1925ರಲ್ಲಿ ಪೇಟೆಂಟ್ ಪಡೆದ ಅಳತೆಯ ಉಪಕರಣದಿಂದ ಈ ಹೆಸರು ಬಂದಿದೆ. ಆದರೆ ಈ ಲೇಖನಕ್ಕೆ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದು: ಜೆಲಟಿನ್ ಜೆಲ್ಲಿ ಕರಗುವುದು 30ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ. ಮನುಷ್ಯನ ಬಾಯೊಳಗಿನ ಶಾಖ ಅದಕ್ಕಿಂತ ತುಸು ಮೇಲಿದೆ. ಫ್ರಿಜ್ಜಿನಲ್ಲಿ ಗಟ್ಟಿಯಾಗಿ ನಿಂತದ್ದು ನಾಲಗೆಯ ಮೇಲೆ ಅಗಿಯದೆಯೇ ಹರಿದುಹೋಗುವುದು ಈ ಎರಡರ ನಡುವಿನ ಚಿಕ್ಕ ಅಂತರದಿಂದ. ಪದರಗಳು ಒಂದಕ್ಕೊಂದು ಅಂಟುವುದಕ್ಕೂ, ಮದ್ಯದ ಖಾರ ಮರೆಯಾಗುವುದಕ್ಕೂ, ಬೇಸಿಗೆಯ ಮೇಜಿನ ಮೇಲೆ ಇದು ಕುಸಿಯುವುದಕ್ಕೂ ಕಾರಣ ಇಷ್ಟು ಕಡಿಮೆ ಶಾಖದಲ್ಲಿ ಕರಗುವ ಈ ಗುಣವೇ.

ಮದ್ಯವನ್ನು ಜೆಲ್ಲಿಯಲ್ಲಿ ಕಟ್ಟುವುದು ಹೊಸದೆಂಬ ನಂಬಿಕೆಗೆ ಹತ್ತೊಂಬತ್ತನೆಯ ಶತಮಾನದ ಅಡುಗೆ ಪುಸ್ತಕಗಳು ಉತ್ತರ ಕೊಡುತ್ತವೆ. ಆ ಕಾಲದ ಇಂಗ್ಲೆಂಡಿನಲ್ಲಿ ಜೆಲ್ಲಿ ಸಿರಿವಂತರ ತಿನಿಸು. ಕರುವಿನ ಕಾಲುಗಳನ್ನು ಗಂಟೆಗಟ್ಟಲೆ ಬೇಯಿಸಿ, ಕೊಬ್ಬು ತೆಗೆದು, ಮೊಟ್ಟೆಯ ಬಿಳಿಯಿಂದ ತಿಳಿಗೊಳಿಸಿ, ಬಟ್ಟೆಯಲ್ಲಿ ಸೋಸಿ ಮಾಡಬೇಕಾಗಿತ್ತು; ಅಡುಗೆಯಾಳುಗಳಿದ್ದ ಮನೆಗಳಿಗೆ ಮಾತ್ರ ಅದು ಸಾಧ್ಯ. ಹೀಗೆ ಮಾಡಿದ ಜೆಲ್ಲಿಗೆ ನಿಂಬೆರಸ, ಸಕ್ಕರೆಯ ಜೊತೆ ಶೆರ್ರಿ ವೈನ್ ಸೇರಿಸುವುದು ವಾಡಿಕೆ. 1861ರಲ್ಲಿ ಪುಸ್ತಕವಾಗಿ ಬಂದ ಇಸಬೆಲ್ಲಾ ಬೀಟನ್ ಅವರ ಗೃಹಕೃತ್ಯದ ಕೈಪಿಡಿಯಲ್ಲಿ ಇಂಥ ಕರುಗಾಲಿನ ಜೆಲ್ಲಿಯ ಕ್ರಮವಿದೆ. ಅದೇ ಜೆಲ್ಲಿಯ ಒಂದು ಪಾಲಿಗೆ ಕೆಂಪು ಬಣ್ಣ ಸೇರಿಸಿ, ಒಂದು ಗಟ್ಟಿಯಾದ ಮೇಲೆ ಇನ್ನೊಂದನ್ನು ಹುಯ್ದು ಎರಡು ಬಣ್ಣದ ಜೆಲ್ಲಿ ಮಾಡುವ ಕ್ರಮವೂ ಇದೆ. ಮದ್ಯ, ಜೆಲಟಿನ್, ಪದರ ಮೂರೂ ಅಲ್ಲಿ ಕೂಡಿವೆ. ಅದರ ಮರುವರ್ಷ, 1862ರಲ್ಲಿ, ನ್ಯೂಯಾರ್ಕಿನಲ್ಲಿ ಜೆರ್ರಿ ಥಾಮಸ್ ತಮ್ಮ ಪಾನೀಯಗಳ ಪುಸ್ತಕ ಪ್ರಕಟಿಸಿದರು. ಪಾನೀಯ ಬೆರೆಸುವ ವಿದ್ಯೆಗೆ ಅಮೆರಿಕದಲ್ಲಿ ಮೊದಲ ದೊಡ್ಡ ಕೈಪಿಡಿಯೆಂದು ಹೆಸರಾದ ಆ ಪುಸ್ತಕದಲ್ಲಿ ಪಂಚ್ ಜೆಲ್ಲಿ ಎಂಬುದೊಂದಿದೆ. ಪಂಚ್ ಎಂಬ ಬಿಸಿ ಮಿಶ್ರ ಮದ್ಯಪಾನೀಯಕ್ಕೆ ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಎಂಬ ಅಂಟನ್ನು ಕರಗಿಸಿ ಸೇರಿಸಿ, ಅಚ್ಚುಗಳಲ್ಲಿ ಹುಯ್ದು ಅಲುಗಿಸದೆ ಇಡಬೇಕು. ಊಟಕ್ಕೆ ಮಾಡಿ ಉಳಿದ ಕಿತ್ತಳೆ ಜೆಲ್ಲಿಯನ್ನೋ ಕರುಗಾಲಿನ ಜೆಲ್ಲಿಯನ್ನೋ ಸಂಜೆಗೆ ಪಂಚ್ ಜೆಲ್ಲಿಯಾಗಿ ಮಾರ್ಪಡಿಸಬಹುದೆಂದೂ ಥಾಮಸ್ ತಿಳಿಸುತ್ತಾರೆ. ಮದ್ಯದ ಪುಸ್ತಕದಲ್ಲಿದ್ದರೂ ಅದರ ಮೂಲ ಊಟದ ಮೇಜಿನಲ್ಲಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಇದರ ಜೊತೆಗೇ ಅವರು ಕೊಟ್ಟಿರುವ ಎಚ್ಚರಿಕೆ ಇನ್ನೂ ಮಹತ್ವದ್ದು: ಜೆಲ್ಲಿಯಲ್ಲಿ ಪಂಚಿನ ಬಲ ಜಾಣತನದಿಂದ ಅಡಗಿರುವುದರಿಂದ ಜನ ಮಿತಿಮೀರಿ ತಿಂದು, ರಾತ್ರಿಯೂಟದ ನಂತರದ ನೃತ್ಯಕ್ಕೆ ಆಗದವರಾಗಿಬಿಡುತ್ತಾರೆ ಎಂದು. ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಸಿರಿವಂತರ ಮೇಜಿನಿಂದ ಇದು ಸಾಮಾನ್ಯರ ಅಡುಗೆಮನೆಗೆ ಇಳಿದದ್ದು ಪುಡಿ ಜೆಲಟಿನ್ನಿನಿಂದ. ವಿಜ್ಞಾನಿ ಡೆನಿಸ್ ಪಾಪಿನ್ 1681ರಲ್ಲೇ ಒತ್ತಡದ ಪಾತ್ರೆಯಲ್ಲಿ ಮೂಳೆ ಬೇಯಿಸಿ ಅಂಟು ತೆಗೆಯುವ ಬಗೆಯನ್ನು ಬರೆದಿದ್ದ. ಅಮೆರಿಕದಲ್ಲಿ ಉಗಿಬಂಡಿ ಕಟ್ಟಿದ ಉದ್ಯಮಿ ಪೀಟರ್ ಕೂಪರ್ 1845ರಲ್ಲಿ ಸಿದ್ಧ ಜೆಲಟಿನ್‌ಗೆ ಪೇಟೆಂಟ್ ಪಡೆದ, ಆದರೆ ಅದನ್ನು ಮಾರುವ ಗೋಜಿಗೆ ಹೆಚ್ಚು ಹೋಗಲಿಲ್ಲ. 1897ರಲ್ಲಿ ನ್ಯೂಯಾರ್ಕ್ ರಾಜ್ಯದ ಲೀ ರಾಯ್ ಊರಿನ ಪರ್ಲ್ ವೇಟ್, ಜೆಲಟಿನ್‌ಗೆ ಸಕ್ಕರೆ, ಬಣ್ಣ, ಹಣ್ಣಿನ ಪರಿಮಳ ಬೆರೆಸಿ ಪೊಟ್ಟಣ ಕಟ್ಟಿದರು. ಅವರ ಹೆಂಡತಿ ಮೇ ಅದಕ್ಕೆ ಜೆಲ್-ಓ ಎಂದು ಹೆಸರಿಟ್ಟರು. ವ್ಯಾಪಾರ ಕುದುರದೆ 1899ರಲ್ಲಿ ಅದೇ ಊರಿನ ಆರೇಟರ್ ವುಡ್‌ವರ್ಡ್ ಅವರಿಗೆ 450 ಡಾಲರಿಗೆ ಮಾರಿಬಿಟ್ಟರು. ಸ್ಟ್ರಾಬೆರಿ, ರಾಸ್ಪ್‌ಬೆರಿ, ಕಿತ್ತಳೆ, ನಿಂಬೆ ಮೊದಲಿನ ನಾಲ್ಕು ರುಚಿಗಳು. ಇಂದು ಕ್ರಿಸ್ಮಸ್ಸಿನ ಹಸಿರು ಪದರಕ್ಕೆ ಬೇಕಾಗುವ ಲೈಮ್ 1930ರಲ್ಲಿ ಬಂತು. ಮನೆ ಮನೆಗೆ ಫ್ರಿಜ್ ಬಂದ ಮೇಲೆ ಬಿಸಿನೀರು ಕಾಯಿಸಬಲ್ಲ ಯಾರು ಬೇಕಾದರೂ ಜೆಲ್ಲಿ ಮಾಡುವಂತಾಯಿತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಜೆಲ್ಲಿ ಶಾಟಿನ ಹುಟ್ಟಿನ ಕತೆಯಾಗಿ ಹೆಚ್ಚು ಓಡಾಡುವುದು ಥಾಮಸ್ ಅವರ ಪಂಚ್ ಜೆಲ್ಲಿಯಲ್ಲ, ಟಾಮ್ ಲೆಹ್ರರ್ ಅವರ ಪ್ರಸಂಗ. ಗಣಿತಜ್ಞರೂ ವಿಡಂಬನಗೀತೆಗಳ ಕರ್ತೃವೂ ಆಗಿದ್ದ ಲೆಹ್ರರ್ 1955ರಿಂದ 1957ರವರೆಗೆ ಅಮೆರಿಕದ ಸೈನ್ಯದಲ್ಲಿದ್ದರು. ನೌಕಾನೆಲೆಯೊಂದರಲ್ಲಿ ಕ್ರಿಸ್ಮಸ್ ಕೂಟ ನಡೆಯಬೇಕಿತ್ತು. ಮದ್ಯದ ಪಾನೀಯಗಳನ್ನು ತರಕೂಡದೆಂಬ ನಿಯಮವಿತ್ತು. ಪಾನೀಯವಲ್ಲದ ರೂಪದಲ್ಲಿ ತಂದರೆ ನಿಯಮ ಅಡ್ಡಬರದೆಂದು ಗೆಳೆಯನೊಡನೆ ಪ್ರಯೋಗ ಮಾಡಿ, ಕಿತ್ತಳೆ ಜೆಲ್-ಓಗೆ ವೋಡ್ಕಾ ಬೆರೆಸಿ ಒಯ್ದೆನೆಂದು ಅವರು 2000ದಲ್ಲಿ ಪತ್ರಿಕಾ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ಈ ಕತೆ ನಿಜವಾದರೆ ಜೆಲ್ಲಿ ಶಾಟ್ ಹುಟ್ಟಿದ್ದೇ ಕಣ್ಣು ತಪ್ಪಿಸಲು, ಅದರ ಸ್ವಭಾವವೇ ಮೋಸ ಎಂದು ವಾದಿಸಬಹುದು. ಲೆಹ್ರರ್ ತಾವಾಗಿಯೇ ಇದನ್ನು ಕಂಡುಕೊಂಡಿರಬಹುದೆಂಬುದರಲ್ಲಿ ಅನುಮಾನಪಡುವ ಕಾರಣವಿಲ್ಲ. ಪೊಟ್ಟಣದ ಜೆಲ್ಲಿಯೂ ವೋಡ್ಕಾವೂ ಒಂದೇ ಅಡುಗೆಮನೆಯಲ್ಲಿದ್ದಾಗ ಹಲವರು ಹಲವು ಕಡೆ ಕಂಡುಕೊಂಡಿರಲೂ ಸಾಕು. ಆದರೆ ಹುಟ್ಟಿನ ಕತೆಯಾಗಿ ಅದು ನಿಲ್ಲುವುದಿಲ್ಲ. ಅದಕ್ಕೆ ತೊಂಬತ್ತು ವರ್ಷ ಮೊದಲೇ ವೈನ್ ಬೆರೆತ ಬಣ್ಣದ ಜೆಲ್ಲಿ ಗೌರವಸ್ಥರ ಮೇಜಿನ ಮೇಲೆ ಬಹಿರಂಗವಾಗಿ ನಿಂತಿತ್ತು, ಏನು ಬೆರೆತಿದೆಯೆಂದು ಎಲ್ಲರಿಗೂ ತಿಳಿದಿತ್ತು. ನೌಕಾನೆಲೆಯ ಉಪಾಯ ಫಲಿಸಿದ್ದಕ್ಕೂ ಕಾರಣ ಜೆಲ್ಲಿಯನ್ನು ಕಂಡವರೆಲ್ಲ ತಿನಿಸೆಂದೇ ಭಾವಿಸಿದ್ದು. ಅವರ ಭಾವನೆ ಸರಿಯಾಗಿಯೇ ಇತ್ತು. ಅಡಗಿಸಿ ಬಡಿಸಿದ್ದು ಆ ಒಂದು ಕೂಟದ ನಡತೆ.

ಪದರ ಕಟ್ಟುವ ಕೆಲಸಕ್ಕೆ ಬರೋಣ. ತಿನಿಸಿನ ವಿದ್ಯೆ ಇಲ್ಲಿ ನಿಚ್ಚಳವಾಗಿ ಕಾಣುತ್ತದೆ. ಬಾರುಗಳಲ್ಲಿ ಗಾಜಿನ ಲೋಟದಲ್ಲಿ ಬಣ್ಣಬಣ್ಣದ ಮದ್ಯಗಳನ್ನು ಒಂದರ ಮೇಲೊಂದು ನಿಲ್ಲಿಸುವ ಪಾನೀಯಗಳಿವೆ. ಅಲ್ಲಿ ಪದರಗಳನ್ನು ಬೇರ್ಪಡಿಸುವುದು ಸಾಂದ್ರತೆ. ಸಕ್ಕರೆ ಹೆಚ್ಚಿರುವ ಭಾರದ ದ್ರವ ಕೆಳಗೆ, ಮದ್ಯಸಾರ ಹೆಚ್ಚಿರುವ ಹಗುರದ್ದು ಮೇಲೆ. ಜೆಲ್ಲಿಯಲ್ಲಿ ಆ ಕಟ್ಟಳೆ ಇಲ್ಲ. ಭಾರದ್ದನ್ನು ಹಗುರದರ ಮೇಲೆ ನಿಲ್ಲಿಸಬಹುದು, ಒಂದೇ ದ್ರವವನ್ನು ಐದು ಬಣ್ಣಗಳಲ್ಲಿ ಪೇರಿಸಬಹುದು. ಇಲ್ಲಿ ಆಳುವುದು ಶಾಖ ಮತ್ತು ಸಮಯ. ಗೋವೆಯ ಬೆಬಿಂಕಾ ಎಂಬ ಪದರ ಸಿಹಿಯಲ್ಲಿ ಒಂದು ಪದರ ಬೆಂದು ನಿಂತ ಮೇಲೆಯೇ ಮುಂದಿನದನ್ನು ಹುಯ್ಯುವಂತೆ ಇಲ್ಲಿಯೂ ಕೆಳಗಿನದು ನಿಲ್ಲುವ ತನಕ ಕಾಯಬೇಕು. ಅಲ್ಲಿ ಕೆಂಡ ಮಾಡುವ ಕೆಲಸವನ್ನು ಇಲ್ಲಿ ತಂಪು ಮಾಡುತ್ತದೆ. ಆದರೆ ಕಾಯುವುದಕ್ಕೆ ಎರಡೂ ಕಡೆ ಮಿತಿಯಿದೆ. ಕೆಳಪದರ ಇನ್ನೂ ಸಡಿಲವಿದ್ದಾಗ ಹುಯ್ದರೆ ಬಣ್ಣಗಳು ಕಲಸಿಹೋಗುತ್ತವೆ. ಪೂರ್ತಿ ಗಟ್ಟಿಯಾಗಿ ಮೇಲ್ಮೈ ನೀರೊಡೆದ ಮೇಲೆ ಹುಯ್ದರೆ ಪದರಗಳು ಅಂಟದೆ, ಬಟ್ಟಲಿನಿಂದ ಬಿಡಿಸುವಾಗ ಜಾರಿ ಬೇರೆಯಾಗುತ್ತವೆ. ಬೆರಳಿಟ್ಟರೆ ತಗ್ಗು ಬೀಳದೆ, ಬೆರಳಿಗೆ ತುಸು ಅಂಟುವ ಹದ ಸರಿಯಾದದ್ದು. ತೆಳುವಾದ ಪದರ ಫ್ರಿಜ್ಜಿನಲ್ಲಿ 20ರಿಂದ 30 ನಿಮಿಷದಲ್ಲಿ ಈ ಹದಕ್ಕೆ ಬರುತ್ತದೆ. ಮೇಲೆ ಹುಯ್ಯುವ ದ್ರವಕ್ಕೂ ಹದವುಂಟು. ಅದು 35 ಡಿಗ್ರಿಗಿಂತ ಬಿಸಿಯಾಗಿದ್ದರೆ ಕೆಳಪದರವನ್ನು ಕರಗಿಸಿ ಗುಂಡಿ ತೋಡುತ್ತದೆ. ತೀರ ತಣಿದಿದ್ದರೆ ಗಂಟುಗಂಟಾಗಿ ಬೀಳುತ್ತದೆ. ಕೋಣೆಯ ಶಾಖಕ್ಕೆ ಇಳಿದು, ಇನ್ನೂ ಸರಾಗವಾಗಿ ಹರಿಯುವ ದ್ರವ ಬೇಕು. ಅದು ಕೆಳಪದರದ ಮೇಲ್ಮೈಯನ್ನು ಕೂದಲೆಳೆಯಷ್ಟು ಮಾತ್ರ ಮೆತ್ತಗಾಗಿಸುತ್ತದೆ. ಎರಡೂ ಕಡೆಯ ಪ್ರೋಟೀನ್ ಎಳೆಗಳು ಗಡಿಯಲ್ಲಿ ಹೆಣೆದುಕೊಂಡು, ತಣಿದಾಗ ಒಂದೇ ತುಂಡಾಗುತ್ತವೆ. ಚಮಚವನ್ನು ಬೋರಲಾಗಿ ಹಿಡಿದು ಅದರ ಬೆನ್ನಿನ ಮೇಲೆ ಹುಯ್ಯಬೇಕೆನ್ನುವುದು ಧಾರೆಯ ಬಲ ಒಂದೇ ಜಾಗಕ್ಕೆ ಬೀಳದಿರಲೆಂದು. ಮೊಟ್ಟೆಯ ಟ್ರೇಯಲ್ಲಿ ಲೋಟಗಳನ್ನು ಓರೆಯಾಗಿಟ್ಟು ಮೊದಲ ಪದರ ಹುಯ್ದು, ಗಟ್ಟಿಯಾದ ಮೇಲೆ ನೆಟ್ಟಗೆ ನಿಲ್ಲಿಸಿ ಎರಡನೆಯದನ್ನು ಹುಯ್ದರೆ ಗಡಿ ಓರೆಯಾಗಿ ನಿಲ್ಲುತ್ತದೆ. ನೋಡಲು ಬಲು ಸೊಗಸು.

ಕ್ರಿಸ್ಮಸ್ಸಿನ ಮೂರು ಪದರಗಳಿಗೆ ಅಮೆರಿಕದ ಮನೆಗಳಲ್ಲಿ ಬಳಕೆಯಲ್ಲಿರುವ ಅಳತೆ ಹೀಗೆ. ಕೆಂಪಿಗೆ 85 ಗ್ರಾಂ ಸ್ಟ್ರಾಬೆರಿ ಅಥವಾ ಚೆರ್ರಿ ಜೆಲ್ಲಿ ಪುಡಿ, ಹಸಿರಿಗೆ ಅಷ್ಟೇ ಲೈಮ್ ಪುಡಿ. ಒಂದೊಂದನ್ನೂ 240 ಮಿಲಿ ಕುದಿನೀರಿನಲ್ಲಿ ಎರಡು ನಿಮಿಷ ಕದಡಿ ಪೂರ್ತಿ ಕರಗಿಸಿ, 120 ಮಿಲಿ ತಣ್ಣೀರು, ಆಮೇಲೆ 120 ಮಿಲಿ ವೋಡ್ಕಾ ಸೇರಿಸುತ್ತಾರೆ. ಬಿಳಿ ಪದರಕ್ಕೆ ಬಣ್ಣವಿಲ್ಲದ ಸಪ್ಪೆ ಜೆಲಟಿನ್ 14 ಗ್ರಾಂ, 120 ಮಿಲಿ ತಣ್ಣೀರಿನಲ್ಲಿ ಐದು ಹತ್ತು ನಿಮಿಷ ನೆನೆದು ಉಬ್ಬಬೇಕು. ನೆನೆಸದೆ ನೇರವಾಗಿ ಬಿಸಿನೀರಿಗೆ ಸುರಿದರೆ ಪುಡಿಯ ಹೊರಮೈ ಅಂಟಾಗಿ ಒಳಗೆ ನೀರಿಳಿಯದೆ ಗಂಟು ಕಟ್ಟುತ್ತದೆ. ನೆನೆದದ್ದಕ್ಕೆ 360 ಮಿಲಿ ಬಿಸಿನೀರು ಹಾಕಿ ಕರಗಿಸಿ, 397 ಗ್ರಾಂ ಡಬ್ಬಿಯ ಕಂಡೆನ್ಸ್ಡ್ ಮಿಲ್ಕ್ ಬೆರೆಸಬೇಕು. ಕರಗಿಸಲು 60 ಡಿಗ್ರಿ ಶಾಖ ಧಾರಾಳವಾಗಿ ಸಾಕು. ಒಲೆಯ ಮೇಲೆ ಹೊತ್ತುಹೊತ್ತು ಕುದಿಸಿದರೆ ಎಳೆಗಳು ತುಂಡಾಗಿ ಜೆಲ್ಲಿ ಸೋಲುತ್ತದೆ. ಒಟ್ಟು 60 ಮಿಲಿಯ ಸುಮಾರು 30 ಬಟ್ಟಲುಗಳಿಗೆ ಇದು ಆಗುತ್ತದೆ. ಬಿಳಿ ಪದರದಲ್ಲಿ ಮದ್ಯವಿಲ್ಲ ಎಂಬುದನ್ನು ಗಮನಿಸಬೇಕು. ತೆಂಗಿನ ರಮ್ ಸೇರಿಸುವವರಿದ್ದಾರೆ, ಆದರೆ ಹಾಲಿನ ಪ್ರೋಟೀನಿಗೂ ಗಡುಸು ಮದ್ಯಕ್ಕೂ ಹೊಂದಿಕೆ ಕಡಿಮೆ. ಡೇರಿಗಳಲ್ಲಿ ಹಾಲು ಹುಳಿಯತೊಡಗಿದೆಯೇ ಎಂದು ನೋಡಲು ಮದ್ಯಸಾರ ಬೆರೆಸಿ, ಒಡೆಯುತ್ತದೆಯೇ ಎಂದು ಪರೀಕ್ಷಿಸುವುದು ಇದೇ ಕಾರಣಕ್ಕೆ. ಬಿಳಿ ಪದರವನ್ನು ಮದ್ಯವಿಲ್ಲದೆ ಬಿಟ್ಟರೆ ನುಣುಪೂ ಉಳಿಯುತ್ತದೆ, ಬಣ್ಣದ ಎರಡು ಪದರಗಳ ಹುಳಿಸಿಹಿಗೆ ನಡುವೆ ಹಾಲಿನ ಮೃದುತನವೂ ಸಿಗುತ್ತದೆ. ಕೊನೆಯ ಪದರ ಹುಯ್ದ ಮೇಲೆ ಮುಚ್ಚಳ ಹಾಕಿ ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಬೇಕು. ಅವಸರಕ್ಕೆ ಫ್ರೀಜರಿನಲ್ಲಿಟ್ಟರೆ ಒಳಗಿನ ನೀರು ಹರಳುಗಟ್ಟಿ ಬಲೆಯನ್ನು ಹರಿಯುತ್ತದೆ. ಹೊರತೆಗೆದಾಗ ಜೆಲ್ಲಿ ನೀರು ಬಿಟ್ಟು ಸೊರಗುತ್ತದೆ.

ಹಣ್ಣು ಸೇರಿಸುವವರು ಒಂದು ವಿಷಯ ತಿಳಿದಿರಬೇಕು. ಹಸಿ ಅನಾನಸ್, ಪಪ್ಪಾಯಿ, ಕಿವಿ, ಅಂಜೂರ, ಹಸಿಶುಂಠಿ ಇವುಗಳಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಇವು ಬಿದ್ದಲ್ಲಿ ಜೆಲಟಿನ್ ಎಷ್ಟು ಹೊತ್ತಾದರೂ ನಿಲ್ಲುವುದಿಲ್ಲ. ಡಬ್ಬಿಯ ಅನಾನಸ್ ಶಾಖ ಕಂಡಿರುವುದರಿಂದ ಅದರಲ್ಲಿ ಕಿಣ್ವ ಸತ್ತಿರುತ್ತದೆ. ಅದನ್ನು ಧೈರ್ಯವಾಗಿ ಹಾಕಬಹುದು.

ಇನ್ನು ಮದ್ಯದ ಬಲ. ಜೆಲ್ಲಿ ಶಾಟ್ ಎಂದರೆ ಗಡುಸು ಮದ್ಯದ ಗುಂಡು ಎಂಬ ಭಾವನೆಗೂ ಮೇಲಿನ ಅಳತೆಗೂ ಬಹಳ ದೂರವಿದೆ. ಭಾರತದಲ್ಲಿ ಮಾರುವ ವೋಡ್ಕಾ, ರಮ್, ಬ್ರಾಂಡಿಗಳಲ್ಲಿ ಸಾಮಾನ್ಯವಾಗಿ ಶೇಕಡಾ 42.8 ಮದ್ಯಸಾರ; ಅಮೆರಿಕದಲ್ಲಿ 40. ಭಾರತದ ಲೆಕ್ಕವನ್ನೇ ಹಿಡಿದರೆ 120 ಮಿಲಿಯಲ್ಲಿ ಸುಮಾರು 51 ಮಿಲಿ ಮದ್ಯಸಾರ. ಸಕ್ಕರೆ ಕರಗಿ ಹೆಚ್ಚಿಸುವ ಗಾತ್ರವೂ ಸೇರಿ ಒಂದು ಬಣ್ಣದ ದ್ರವ ಸುಮಾರು 530 ಮಿಲಿ ಆಗುತ್ತದೆ. ಅದರ ಬಲ ಶೇಕಡಾ 10ರ ಆಸುಪಾಸು, ಅಂದರೆ ವೈನಿಗಿಂತಲೂ ತುಸು ಕಡಿಮೆ. ಎರಡೂ ಬಣ್ಣಗಳಿಗೆ ಬಳಸಿದ 240 ಮಿಲಿ ವೋಡ್ಕಾ ಎಂದರೆ 30 ಮಿಲಿಯ ಎಂಟು ಪೆಗ್ಗು. ಅದು 30 ಬಟ್ಟಲಿಗೆ ಹಂಚಿಹೋದಾಗ ಒಂದು ಬಟ್ಟಲಿಗೆ ಬರುವುದು ಕಾಲು ಪೆಗ್ಗಿಗಿಂತ ಒಂದಿಷ್ಟು ಹೆಚ್ಚು, ತೂಕದಲ್ಲಿ 2.7 ಗ್ರಾಂ ಮದ್ಯಸಾರ. 30 ಮಿಲಿಯ ಒಂದು ಪೆಗ್ಗಿನಲ್ಲಿರುವುದು 10 ಗ್ರಾಂ. ಕುದಿನೀರಿನಲ್ಲಿ ಮದ್ಯ ಹಾರಿಹೋಗಿ ಏನೂ ಉಳಿಯುವುದಿಲ್ಲವೆಂದು ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ, ಅದು ತಪ್ಪು. ಕುದಿಯುವ ದ್ರವಕ್ಕೆ ಮದ್ಯ ಸೇರಿಸಿ ಒಲೆಯಿಂದ ಇಳಿಸಿದರೂ ಶೇಕಡಾ 85ರಷ್ಟು ಉಳಿಯುತ್ತದೆಂದು ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ಹೇಳುತ್ತದೆ. ತಣ್ಣೀರು ಬೆರೆಸಿದ ಮೇಲೆ ಹಾಕಿದಾಗ ನಷ್ಟ ಇನ್ನೂ ಕಡಿಮೆ. ಬಲ ತಗ್ಗುವುದು ಆವಿಯಿಂದಲ್ಲ, ಹಂಚಿಕೆಯಿಂದ.

ಹಾಗಾದರೆ ತಣ್ಣೀರನ್ನು ಬಿಟ್ಟು ಪೂರ್ತಿ 240 ಮಿಲಿ ವೋಡ್ಕಾ ಹಾಕಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ. ಹಾಕಬಹುದು, ಜೆಲ್ಲಿ ನಿಲ್ಲುತ್ತದೆ, ಬಲ ಶೇಕಡಾ 20ರ ಹತ್ತಿರ ಹೋಗುತ್ತದೆ. ಅದರಾಚೆ ಜೆಲಟಿನ್ ಪ್ರತಿಭಟಿಸತೊಡಗುತ್ತದೆ. ಅದು ನೀರಿನಲ್ಲಿ ಕರಗುವ ಪದಾರ್ಥ, ಮದ್ಯಸಾರದಲ್ಲಿ ಕರಗುವುದಿಲ್ಲ. ಮದ್ಯಸಾರ ಹೆಚ್ಚಿದಂತೆ ಎಳೆಗಳ ಸುತ್ತಲಿನ ನೀರನ್ನು ಅದೇ ಕಸಿದುಕೊಳ್ಳುತ್ತದೆ. ಶೇಕಡಾ 30 ದಾಟಿದಾಗ ಸಾಮಾನ್ಯವಾಗಿ ಹೆಚ್ಚುವರಿ ಜೆಲಟಿನ್ ಹಾಕದೆ ಹದ ಬರುವುದಿಲ್ಲ, ಇನ್ನೂ ಮೇಲೆ ಹೋದರೆ ಜೆಲಟಿನ್ ಮಬ್ಬಾಗಿ ನೂಲುನೂಲಾಗಿ ಬೇರ್ಪಡುತ್ತದೆ. ಪದರದ ಶಾಟಿಗೆ ಈ ಮಿತಿ ಇನ್ನಷ್ಟು ಬಿಗಿ: ಮದ್ಯ ಹೆಚ್ಚಿರುವ ಪದರ ಮೆತ್ತಗೆ ನಿಲ್ಲುವುದರಿಂದ ಮೇಲಿನದರ ಭಾರಕ್ಕೆ ಉಬ್ಬಿ ಗಡಿ ಅಂಕುಡೊಂಕಾಗುತ್ತದೆ, ಒಂದೊಂದು ಪದರ ಒಂದೊಂದು ಹದದಲ್ಲಿದ್ದರೆ ಬಾಯಲ್ಲಿ ಒಟ್ಟಿಗೆ ಕರಗುವುದಿಲ್ಲ. ಅಂದವಾದ ಪದರ ಬೇಕೆನ್ನುವವರು ಮಿತವಾದ ಮದ್ಯಕ್ಕೆ ಒಪ್ಪಲೇಬೇಕು. ಇಷ್ಟೆಲ್ಲ ಶ್ರಮ ಪಟ್ಟು ಇಷ್ಟು ಕಡಿಮೆ ಮದ್ಯವೇ ಎಂದು ಕೇಳುವವರಿಗೆ ಲೋಟದ ಪಾನೀಯವೇ ತಕ್ಕದ್ದು. ಗಂಟೆಗಟ್ಟಲೆ ಕಾದು, ಬಣ್ಣ ಬಣ್ಣವಾಗಿ ಪೇರಿಸುವ ಕೆಲಸಕ್ಕೆ ಅಮಲು ಗುರಿಯಾಗಲಾರದು. ಕಣ್ಣಿಗೆ ಹಬ್ಬ, ನಾಲಗೆಗೆ ಹುಳಿಸಿಹಿ, ಮದ್ಯದ ಒಂದು ಸುಳಿವು, ಇದೇ ಅದರ ಗುರಿ. ಬೆಂಗಳೂರಿನ ಕ್ರಿಸ್ಮಸ್ ಕೇಕಿನಲ್ಲಿ ರಮ್ಮಿನಲ್ಲಿ ನೆನೆದ ಒಣದ್ರಾಕ್ಷಿಗೆ ಯಾವ ಸ್ಥಾನವೋ ಇಲ್ಲಿ ವೋಡ್ಕಾಕ್ಕೂ ಅದೇ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಥಾಮಸ್ 1862ರಲ್ಲೇ ಎತ್ತಿದ್ದು: ಬಲ ಕಡಿಮೆಯಿದ್ದರೂ ಅದು ಅಡಗಿದೆ. ಇದನ್ನು ಒಪ್ಪಿಕೊಳ್ಳಲೇಬೇಕು. ನಾಲಗೆಯ ಮೇಲೆ ಥಟ್ಟನೆ ಕರಗುವ ಜೆಲಟಿನ್ನಿನ ಜೊತೆ ತಂಪು, ಸಕ್ಕರೆ, ಹುಳಿ ಮೂರೂ ಸೇರಿ ಮದ್ಯದ ಸುಡುವ ರುಚಿಯನ್ನು ಮುಚ್ಚುತ್ತವೆ. ಲೋಟದಲ್ಲಿ ಕುಡಿಯುವವನಿಗೆ ಲೋಟ ಬರಿದಾದದ್ದು ಕಾಣುತ್ತದೆ. ಎರಡು ಕ್ಷಣದಲ್ಲಿ ನುಂಗುವ ಬಟ್ಟಲಿನ ಲೆಕ್ಕ ತಪ್ಪುವುದು ಸುಲಭ. ಕಾಲು ಪೆಗ್ಗಿನ ಬಟ್ಟಲನ್ನು ಹತ್ತು ನಿಮಿಷದಲ್ಲಿ ಎಂಟು ತಿಂದವರು ಎರಡು ಪೆಗ್ಗನ್ನು ಒಟ್ಟಿಗೆ ಕುಡಿದಂತೆಯೇ, ಮತ್ತು ಅದರ ಪರಿಣಾಮ ಏರುವ ಹೊತ್ತಿಗೆ ಕೈ ಒಂಬತ್ತನೆಯದರ ಮೇಲಿರುತ್ತದೆ. ಮಕ್ಕಳ ವಿಷಯ ಇನ್ನೂ ಗಂಭೀರ. ಕೆಂಪು ಹಸಿರಿನ ಪದರದ ಜೆಲ್ಲಿ ಎಂದರೆ ಮಗುವಿನ ಕಣ್ಣಿಗೆ ಹುಟ್ಟುಹಬ್ಬದ ತಿಂಡಿ. ಮಗುವಿನ ಪುಟ್ಟ ದೇಹಕ್ಕೆ ಹಿರಿಯರ ಲೆಕ್ಕ ಅನ್ವಯಿಸುವುದಿಲ್ಲ. ಮದ್ಯಸಾರ ಮಕ್ಕಳಲ್ಲಿ ರಕ್ತದ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಮಗು ಎಷ್ಟು ತಿಂದಿದೆಯೆಂದು ತಿಳಿಯದಿದ್ದರೆ ಲಕ್ಷಣಗಳಿಗೆ ಕಾಯದೆ ವೈದ್ಯರ ಬಳಿಗೆ ಒಯ್ಯಬೇಕು. ಆದರೆ ಈ ಆಕ್ಷೇಪದಿಂದ ತಿನಿಸನ್ನೇ ಕೈಬಿಡಬೇಕೆಂಬ ತೀರ್ಮಾನ ಬರುವುದಿಲ್ಲ. ಅಡಗಿದ್ದನ್ನು ಬಯಲು ಮಾಡಬೇಕೆಂಬ ಕರ್ತವ್ಯ ಬರುತ್ತದೆ. ಪದರದ ಶಾಟಿನಲ್ಲಿ ಅದಕ್ಕೆ ಒಂದು ಅನುಕೂಲವಿದೆ. ಬಟ್ಟಲುಗಳೆಲ್ಲ ಒಂದೇ ಗಾತ್ರ, ಪದರದ ಗೆರೆಗಳು ಹೊರಗೆ ಕಾಣುತ್ತವೆ, ಯಾವ ಪದರದಲ್ಲಿ ಎಷ್ಟಿದೆಯೆಂದು ಮಾಡಿದವರಿಗೆ ಮಿಲಿಲೀಟರ್ ಲೆಕ್ಕದಲ್ಲಿ ಗೊತ್ತು. ನಾಲ್ಕು ಬಟ್ಟಲಿಗೆ ಒಂದು ಪೆಗ್ಗು ಎಂದು ಚೀಟಿ ಬರೆದು ತಟ್ಟೆಯ ಮುಂದಿಟ್ಟರೆ ಅತಿಥಿಗಳು ತಾವೇ ಲೆಕ್ಕವಿಟ್ಟುಕೊಳ್ಳಬಲ್ಲರು. ಕಣ್ಣಳತೆಯಲ್ಲಿ ಸುರಿಯುವ ಲೋಟದ ಪಾನೀಯದಲ್ಲಿ ಈ ಸ್ಪಷ್ಟತೆ ಇಲ್ಲ. ಮದ್ಯವಿಲ್ಲದ ಜೆಲ್ಲಿಯನ್ನೂ ಮಾಡುವುದಾದರೆ ಅದರ ಬಣ್ಣವನ್ನೂ ಬಟ್ಟಲನ್ನೂ ಬೇರೆ ಮಾಡಬೇಕು; ಒಂದೇ ರೂಪದ ಎರಡನ್ನು ಒಂದೇ ಮೇಜಿನ ಮೇಲಿಡುವುದು ಅಕ್ಷಮ್ಯ. ಅಮೆರಿಕದಲ್ಲಿ 1984ರ ಕೇಂದ್ರ ಕಾಯಿದೆಯ ನಂತರ ಎಲ್ಲ ರಾಜ್ಯಗಳಲ್ಲೂ ಮದ್ಯ ಕೊಳ್ಳುವ ವಯಸ್ಸು 21ಕ್ಕೆ ನಿಂತಿದೆ. ತಿನಿಸಿನ ರೂಪದಲ್ಲಿದೆ ಎಂಬ ನೆಪದಲ್ಲಿ ಅದಕ್ಕಿಂತ ಕಿರಿಯರಿಗೆ ಇದನ್ನು ಕೊಡುವುದು ಸಲ್ಲದು. ಕಾರು ಓಡಿಸಿಕೊಂಡು ಹೋಗುವವರಿಗೂ ಗರ್ಭಿಣಿಯರಿಗೂ ಕುಡಿತ ಬಿಟ್ಟವರಿಗೂ ಕೇಳುವ ಮೊದಲೇ ಹೇಳಿಬಿಡುವುದು ಆತಿಥ್ಯದ ಭಾಗ.

ಹೇಳಬೇಕಾದ ಇನ್ನೊಂದು ಗುಟ್ಟು ಜೆಲಟಿನ್ನಿನದೇ. ಅಮೆರಿಕದ ಕಚೇರಿಗಳ ಡಿಸೆಂಬರ್ ಕೂಟಗಳಲ್ಲಿ ಸಸ್ಯಾಹಾರಿ ಕನ್ನಡಿಗರು ಮದ್ಯವನ್ನು ಬೇಡವೆಂದು, ಪಕ್ಕದ ಬಣ್ಣದ ಜೆಲ್ಲಿಯನ್ನು ನಿಶ್ಚಿಂತೆಯಿಂದ ಎತ್ತಿಕೊಳ್ಳುವುದು ಅಸಂಭವವಲ್ಲ. ಅದರ ಜೆಲಟಿನ್ ದನದ್ದೋ ಹಂದಿಯದ್ದೋ ಚರ್ಮ ಮೂಳೆಗಳಿಂದ ಬಂದದ್ದು. ಹಿಂದೂ, ಜೈನ, ಮುಸ್ಲಿಂ, ಯಹೂದಿ ಅತಿಥಿಗಳಲ್ಲಿ ಅನೇಕರಿಗೆ ಅದು ನಿಷಿದ್ಧ. ಭಾರತದಲ್ಲಿ ಜೆಲಟಿನ್ ಇರುವ ಪೊಟ್ಟಣದ ಮೇಲೆ ಮಾಂಸಾಹಾರದ ಕಂದು ಗುರುತು ಇರಲೇಬೇಕು. ಇಲ್ಲಿನ ಅಂಗಡಿಗಳ ಜೆಲ್ಲಿ ಪುಡಿಗಳಲ್ಲಿ ಅನೇಕವು ಕಡಲಪಾಚಿಯಿಂದ ಮಾಡಿದ, ಹಸಿರು ಗುರುತಿನವು. ನಮ್ಮ ಮನೆಗಳಿಗೆ ಹಳೆಯ ಪರಿಚಯದ ಚೈನಾ ಗ್ರಾಸ್ ಎಂದರೆ ಕೆಂಪು ಕಡಲಪಾಚಿಗಳಿಂದ ತೆಗೆದ ಅಗರ್. ಇದರಲ್ಲಿಯೂ ಮದ್ಯದ ಪದರಗಳನ್ನು ಕಟ್ಟಬಹುದು, ಆದರೆ ಕ್ರಮ ಬೇರೆಯಾಗುತ್ತದೆ. ಅಗರನ್ನು ಚೆನ್ನಾಗಿ ಕುದಿಸಿಯೇ ಕರಗಿಸಬೇಕು. ಅದು 32ರಿಂದ 40 ಡಿಗ್ರಿಗೆ ಇಳಿದಾಗ ಫ್ರಿಜ್ ಇಲ್ಲದೆಯೇ ನಿಲ್ಲುವುದರಿಂದ ಮದ್ಯವನ್ನು 55 ಡಿಗ್ರಿಯ ಸುಮಾರಿಗೆ ಬೆರೆಸಿಬಿಡಬೇಕು. ತಣ್ಣಗಿನ ಮದ್ಯವನ್ನು ಒಮ್ಮೆಲೇ ಸುರಿದರೆ ಅಲ್ಲೇ ಗಂಟು ಕಟ್ಟುತ್ತದೆ. ಒಮ್ಮೆ ನಿಂತ ಅಗರ್ ಮತ್ತೆ ಕರಗಲು ಸುಮಾರು 85 ಡಿಗ್ರಿ ಬೇಕು. ಮಂಗಳೂರಿನ ಸೆಖೆಯಲ್ಲೂ ಅದು ಮೇಜಿನ ಮೇಲೆ ಅಲುಗದೆ ನಿಲ್ಲುತ್ತದೆ, ಬಿಸಿಯಾದ ಮೇಲ್ಪದರ ಬಿದ್ದರೂ ಕೆಳಗಿನದು ಕರಗುವುದಿಲ್ಲ. ಕರಗದಿರುವುದೇ ತೊಡಕೂ ಆಗುತ್ತದೆ: ಗಡಿಯಲ್ಲಿ ಹೆಣಿಗೆ ಬೀಳದೆ ಪದರಗಳು ಬಿಟ್ಟುಕೊಳ್ಳುತ್ತವೆ. ಆದ್ದರಿಂದ ಕೆಳಪದರದ ಮೇಲೆ ಕೆನೆಯಂತೆ ತೊಗಲು ಮೂಡಿ ಒಳಗಿನ್ನೂ ಮೆತ್ತಗಿರುವಾಗಲೇ ಮೇಲಿನದನ್ನು ಬಿಸಿಯಾಗಿ ಹುಯ್ಯಬೇಕು. ಅಗರಿನ ಪದರ ಕಟ್ಟುವುದರಲ್ಲಿ ಪಳಗಿದ ಮಲೇಷ್ಯಾದ ಅಡುಗೆಯವರು ತೆಂಗಿನ ಹಾಲಿನ ಬಿಳಿ ಪದರವನ್ನು ನಿಲ್ಲಿಸುವುದು ಹೀಗೆಯೇ.

ಬಾಯಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಅದೇ ವೋಡ್ಕಾ, ಅದೇ ಸಕ್ಕರೆ, ಅದೇ ಬಣ್ಣ ಇದ್ದರೂ ಅಗರಿನ ಶಾಟ್ ನಾಲಗೆಯ ಮೇಲೆ ಹರಿಯುವುದಿಲ್ಲ. ಹಲ್ಲಿಗೆ ಸಿಕ್ಕಿ ಪುಡಿಯಾಗುತ್ತದೆ, ಅಗಿದಂತೆ ಮದ್ಯದ ರುಚಿ ತುಸು ತುಸುವಾಗಿ ಹೊರಬೀಳುತ್ತದೆ, ನುಂಗುವ ಮೊದಲೇ ಅದರ ಖಾರ ತಿಳಿಯುತ್ತದೆ. ಒಮ್ಮೆಲೇ ನಾಲ್ಕು ನುಂಗುವ ಆತುರ ಇದರಲ್ಲಿ ಹುಟ್ಟುವುದಿಲ್ಲ. ನಯವಾಗಿ ಕರಗುವ ಸುಖ ಬೇಕೆನ್ನುವವರು ಇದನ್ನು ಕೊರತೆಯೆನ್ನುತ್ತಾರೆ. ಸಸ್ಯಾಹಾರಿಗಳೂ ಸೇರಿರುವ, ಸೆಖೆಯಿರುವ, ಎಲ್ಲ ವಯಸ್ಸಿನವರು ಓಡಾಡುವ ಕೂಟಕ್ಕೆ ಇದೇ ಹೆಚ್ಚು ತಕ್ಕದ್ದು. ತಣ್ಣನೆಯ ಊರುಗಳ, ಹಿರಿಯರೇ ಸೇರುವ, ಜೆಲಟಿನ್ ಒಪ್ಪುವ ಕೂಟಕ್ಕೆ ಮೂಲ ರೂಪವೇ ಸರಿ.